ಮಾವನ ಕುರಿ, ಅಮೇರಿಕದ ಸೌತೆ

ಆಗಸ್ಟ್ 7, ಗುರುವಾರ. ಸಂಜೆ

ಅಲ್ಲ ಕಾಳಕ್ಕ, ಅಮೇರಿಕದೋನು ಟ್ಯಾಕ್ಸ್ ಹಾಕಿದ್ರೆ ನಾನೇನ್ ಮಾಡ್ಲಿ? ನಾನ್ ಹಾಕು ಅಂದ್ನಾ? ತಕ್ಕಡಿ ಹತ್ರ ಎಲ್ಲರ ಮುಂದೆ ಸೊಂಟದ ಮೇಲೆ ಕೈ ಇಕ್ಕಂಡು ಕೇಳ್ತೀಯ— "ಯಾಕಲೇ ಜುಂಜ, ಅವರಿಗೂ ನಮಗೂ ಏನ್ ಜಗಳ?" ಹತ್ತನೇ ಕ್ಲಾಸ್ ಓದಿರೋನ್ಗೆ ಕೇಳೋ ಪ್ರಶ್ನೇನಾ ಅದು?

ಬೆಳಿಗ್ಗೆ ಪೂರ್ತಿ ಹೇಳಾಕೆ ಬಿಡ್ಲಿಲ್ಲ ನೀನು. ಈಗ ಹೇಳ್ತೀನಿ ಕೇಳು. ನಮ್ ದೇಶದ ಮಾಲಿಗೆ ಅವ್ರು ಇವತ್ತಿಂದ ನೂರಕ್ಕೆ ಇಪ್ಪತ್ತೈದು ಹಾಕವ್ರೆ. ಇಪ್ಪತ್ತೇಳನೇ ತಾರೀಖಿಂದ ಇನ್ನೂ ಇಪ್ಪತ್ತೈದು. ಯಾಕೆ ಅಂದ್ರೆ ನಾವು ರಷ್ಯಾದೋರ ಹತ್ರ ಎಣ್ಣೆ ತಗಂತೀವಂತೆ. ಅದಕ್ಕೆ ದಂಡ.

ಬೆಳಿಗ್ಗೆ ಎಣ್ಣೆ ಅನ್ನೋಷ್ಟ್ರೊಳಗೆ ಕಾಳಕ್ಕ ಬಾಯಿ ಹಾಕಿದ್ಲು. "ನಾನ್ ಯಾವತ್ಲೇ ರಷ್ಯಾದೋರ್ ತಾವ ಎಣ್ಣೆ ತಂದಿದೀನಿ? ನಮ್ಮನೇಗೆ ಶೇಂಗಾ ಎಣ್ಣೆ, ಜೆಜಿ ಹಳ್ಳಿ ಗಾಣದ್ದು." ಎಲ್ಲಾ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಆ ದಂಡ ಬೀಳೋದು ಮಾತ್ರ ನಮ್ ತಲೆ ಮೇಲೇ.

ಯಾಕಂದ್ರೆ ನಮ್ ಹಟ್ಟಿ ಮುಂದಿನ ಹೊಲ ಅಷ್ಟೂ ಮಿಡಿಸೌತೆ. ಕಿರುಬೆರಳು ಗಾತ್ರಕ್ಕೇ ಕಿತ್ತು, ಡ್ರಮ್ಮಿಗೆ ತುಂಬಿ, ಉಪ್ಪುನೀರು ಬಿಟ್ಟು ಹಡಗು ಹತ್ತಿಸ್ತಾರೆ. ಬೀಜ, ತಂತಿ, ಔಷಧಿ ಕಂಪ್ನೀದು. ಹೊಲ, ಸೊಂಟನೋವು ಕಾಳಕ್ಕನಂತ ನಮ್ ಹೆಂಗಸ್ರದು. ಒಂದಿನ ಕೀಳದೆ ಬಿಟ್ರೆ ಹೆಬ್ಬೆರಳಾಗ್ತಾವೆ. ಆಮೇಲೆ ಎಮ್ಮೆಗೇ. ಇಲ್ಲಿ ಯಾರೂ ತಿನ್ನಲ್ಲ. ಹಿರಿಯೂರು ಸಂತೇಲಿ ಸುರುವಿದ್ರೂ ಯಾರೂ ತಿರುಗಿ ನೋಡಲ್ಲ. ತಿನ್ನೋರು ಇರೋದು ಅಮೇರಿಕದಾಗೆ. ಬನ್ನಿನ ಮಧ್ಯೆ ಇಟ್ಕಂಡು.

ಈ ಬೆಳೆ ಹಾಕ್ರಿ ಅಂತ ಮನೆಮನೆ ತಿರುಗಿ ಹೇಳಿದ್ದು ನಾನು. ಕಂಪ್ನಿ ಫೀಲ್ಡ್‌ಮ್ಯಾನ್ ನಾನು.

ಆಗಸ್ಟ್ 9, ಶನಿವಾರ

ಲಕ್ಷ್ಮೀಕಾಂತ್ ಸಾರ್ ಕಾರ್ ತಗಂಡು ಬಂದಿದ್ರು. ಮ್ಯಾನೇಜರ್. ಹೊಲದೊಳಗೆ ಇಳೀಲಿಲ್ಲ, ಶೂ ಹೊಸದು. ರೋಡಲ್ಲೇ ನಿಂತು ಮಾತಾಡಿದ್ರು.

"ನೋಡು ಜುಂಜೇಶ್, ಎರಡು ದೊಡ್ಡ ದೇಶ. ಇವತ್ತು ಮುನಿಸು, ನಾಳೆ ಕೈ ಕುಲುಕಿ ಫೋಟೋ. ಇಪ್ಪತ್ತೈದನೇ ತಾರೀಖು ಅವರ ಟೀಮ್ ಡೆಲ್ಲಿಗೆ ಬರುತ್ತೆ. ಕೂತು ಮಾತಾಡ್ತಾರೆ, ಡೀಲ್ ಆಗುತ್ತೆ. ಅಲ್ಲಿವರೆಗೆ ಬಳ್ಳಿ ಜೀವಂತ ಇರಬೇಕು. ಕಿತ್ತುಹಾಕಿಬಿಟ್ರೆ ಆಮೇಲೆ ಮಾಲ್ ಎಲ್ಲಿಂದ ತರ್ಲಿ?"

"ಆಗ್ಲಿಲ್ಲ ಅಂದ್ರೆ ಸಾರ್?"

"ನೆಗೆಟಿವ್ ಮಾತಾಡಬೇಡ."

ಕಾರ್ ಹತ್ತೋವಾಗ ಭುಜದ ಮೇಲೆ ಕೈ ಇಟ್ರು. ಹಟ್ಟೀಲಿ ಬಾಯಿ ಬಿಡಬೇಡ, ಪ್ಯಾನಿಕ್ ಆಗ್ತಾರೆ. ಈ ಸೀಸನ್ ದಾಟಿಸು, ಹೋಬಳಿಗೆ ನೀನೇ ಸೂಪರ್‌ವೈಸರ್.

ಹೊಳಲ್ಕೆರೆ ಗ್ಯಾರೇಜ್ ಬಿಟ್ಟೆ. ದುರ್ಗದ ಮೊಬೈಲ್ ಅಂಗಡಿ ಬಿಟ್ಟೆ. ಕುರಿ ಹಿಂದೆ ಅಂತೂ ಹೋಗಲ್ಲ ಅಂತ ರಿಸಲ್ಟ್ ಬಂದ ದಿನಾನೇ ಅವ್ವಂಗೆ ಹೇಳ್ಬಿಟ್ಟಿದ್ದೆ. ಕುಂಡಿ ಊರಿ ಕುಂತಿದ್ದು ಅಂದ್ರೆ ಇದೊಂದು ಕೆಲಸದಾಗೇ. ಈ ರೂಮಿನ ಬೀಗದಕೈ ಕೊಟ್ಟವ್ರೆ. ಅರ್ಧ ರೂಮು ಕ್ರೇಟು, ತಕ್ಕಡಿ. ಇನ್ನರ್ಧ ನಾನು.

ಹೂಂ ಸಾರ್ ಅಂದೆ.

ಆಗಸ್ಟ್ 12

ಚಿತ್ತಯ್ಯ ಮಾವ ಬಂದ. ಅವ್ವನ ತಮ್ಮ. ಹಟ್ಟಿ ಹಿಂದಿನ ಬೀಳಿನ ತುಂಬ ಕುರಿ. ಬಂದೋನೆ ನೀರು ಕುಡೀಲಿಲ್ಲ, ನೆಟ್ಟಗೆ ಸೌತೆ ಹೊಲಕ್ಕೆ ಹೋಗಿ ಮಣ್ಣು ಹಿಡ್ಕಂಡು ಉಜ್ಜಿ ನೋಡ್ದ. "ಎಷ್ಟ್ ಸರ್ಕಾರಿ ಗೊಬ್ಬರ ಸುರುವಿದೀರಲೇ. ಇಟ್ಟಿಗೆ ಆಗೈತೆ."

ನಿಜ. ಸೌತೆ ಆದ್ಮೇಲೆ ಆ ಹೊಲದಾಗೆ ಕುರಿ ತರುಬ್ಲೇಬೇಕು. ರಾತ್ರಿಯೆಲ್ಲ ಮಂದೆ ಹೊಲದಾಗೇ ಮಲಗಿದ್ರೆ ಹಿಕ್ಕೆ, ಗಂಜಲ ಬಿದ್ದು ನೆಲ ತಿರುಗಾ ಮೆತ್ತಗಾಗ್ತೈತೆ. ಆಮೇಲೆ ಹುರುಳಿ ಚೆಲ್ಲಿದ್ರೂ ಬರ್ತೈತೆ. ತರುಬ್ದೆ ಚೆಲ್ಲಿದ್ರೆ ಗೇಣು ಎತ್ತರ ಏಳಲ್ಲ. ಹಟ್ಟಿ ಹೆಂಗಸ್ರು ಸೌತೆಗೆ ಒಪ್ಪಿದ್ದೇ ಈ ಲೆಕ್ಕದ ಮೇಲೆ— ಸೌತೆ ಆದ್ಮೇಲೆ ಚಿತ್ತಯ್ಯನ ಕುರಿ, ಕುರಿ ಆದ್ಮೇಲೆ ಹುರುಳಿ. ವರ್ಷದ ಕಾಳು, ದನದ ಹೊಟ್ಟು ಎಲ್ಲಾ ಅದರಾಗೇ.

ಮಾವ ಕೇಳ್ದ, "ಬಳ್ಳಿ ಯಾವಾಗ ತೆಗೀತೀರ?"

"ನೋಡಾನ ಮಾವ. ಒಂದ್ ವಾರ ಇರು."

"ಕುರಿಗೆ ಹೇಳು ಒಂದ್ ವಾರ ಇರ್ರಿ ಅಂತ. ಈ ಬೀಳಿನಾಗೆ ಮೇವು ಎಲ್ಲೈತೆ?"

ಮಾವನ ಮಗಳು ನಾಗಶ್ರೀ ಅಲ್ಲೇ ಕಾಯಿ ಕೀಳ್ತಿದ್ಲು. ಅವಳದ್ದೂ ಅರ್ಧ ಎಕರೆ ಐತೆ. ತಲೆ ಎತ್ತಲಿಲ್ಲ, ಬಾಯಿ ಮಾತ್ರ. "ಏನ್ ಕಂಪ್ನಿ ಭಾವ, ಅಂಗಿ ಇಸ್ತ್ರಿ ಮಾಡ್ಸಿದೀಯ. ಅಮೇರಿಕದೋರು ಗಂಡು ನೋಡಾಕೆ ಬರ್ತಾರಾ?"

ಕ್ರೇಟ್ ಎಣಿಸೋನಂಗೆ ಆ ಕಡೆ ಹೋದೆ.

ಆಗಸ್ಟ್ 15

ಶಾಲೇಲಿ ಬಾವುಟ. ಪೆಪ್ಪರ್‌ಮಿಂಟು. ಮೇಷ್ಟ್ರ ಮೊಬೈಲ್‌ನಾಗೆ ಡೆಲ್ಲಿ ಭಾಷಣ ನೋಡಿದ್ವಿ. ರೈತರ ಮಾತು ಬಂತು. ಕಾಳಕ್ಕ ಪಕ್ಕದಾಗೆ ನಿಂತು ಕೇಳ್ತಿದ್ಲು. "ಅದು ಭತ್ತ ಗೋಧಿಯೋರ್ಗೋ, ನಮಗೂನೋ?" ಅಂದ್ಲು.

"ಎಲ್ಲರ್ಗೂ ಕಣಕ್ಕ."

"ಉಪ್ಪಿನಕಾಯಿನೋರು ಅಂತ ಬಾಯಿಬಿಟ್ಟು ಅನ್ಲಿಲ್ಲಪ್ಪ."

ಆಗಸ್ಟ್ 17, ಭಾನುವಾರ

ಟೀಮ್ ಬರಲ್ವಂತೆ!

ಫೋನ್‌ನಾಗೆ ಓದ್ದೆ. ಸುಳ್ಳು ನ್ಯೂಸ್ ಇರ್ಬೋದು ಅಂತ ಇನ್ನೊಂದು ಚಾನೆಲ್ ನೋಡ್ದೆ. ಅಲ್ಲೂ ಅದೇ. ಇಪ್ಪತ್ತೈದಕ್ಕೆ ಬರಬೇಕಿದ್ದೋರು ಬರಲ್ಲ.

ಸಾರ್‌ಗೆ ಮಾಡ್ದೆ. ಬಿಜಿ. ಮಾಡ್ದೆ. ಬಿಜಿ. ಆಮೇಲೆ ಅವ್ರೇ ಮಾಡಿದ್ರು. "ಪೋಸ್ಟ್‌ಪೋನ್ ಕಣಯ್ಯ, ಕ್ಯಾನ್ಸಲ್ ಅಲ್ಲ. ದೊಡ್ಡೋರು ಹಂಗೇ. ನಮ್ಮ ಮದುವೆ ಮಾತುಕತೇಲಿ ಒಂದ್ಸಲ ಎದ್ದು ಹೋಗಲ್ವಾ, ಹಾಗೆ."

ನಮ್ ಕಡೆ ಎದ್ದು ಹೋದೋರು ವಾಪಸ್ ಬಂದಿದ್ದು ನಾನಂತೂ ನೋಡಿಲ್ಲ.

ಕಾಲು ಒಂದ್ಕಡೆ ನಿಲ್ತಿಲ್ಲ. ಬೈಕ್ ತಗಂಡು ಜೆಜಿ ಹಳ್ಳಿ ತನಕ ಹೋದೆ, ಬಂದೆ. ಏನೂ ತರ್ಲಿಲ್ಲ.

ಆಗಸ್ಟ್ 18

ಇವತ್ತಿಂದು ಹೆಂಗ್ ಬರೀಲಿ…

ಮಾವ ಹೊಲದ ಬದದ ಮೇಲೆ ಕಂಬಳಿ ಹಾಸ್ದ. ಅದು ನಮ್ಮೋರ ಪದ್ಧತಿ. ಕುರಿಯೋನು ಕಂಬಳಿ ಹಾಸಿ ಕುಂತ್ರೆ ಹೊಲದೋರು ಬಂದು ಅದರ ಮೇಲೆ ಒಂದು ಬೊಗಸೆ ರಾಗಿ ಹಾಕ್ಬೇಕು. ಹೊಲದೋರ ಕೈಯಿಂದ್ಲೇ, ಬೇರೆಯೋರ ಕೈ ನಡೆಯಲ್ಲ. ಹಾಕಿದ್ರೆ ಮಾತಾದಷ್ಟು ರಾತ್ರಿ ಮಂದೆ ಅವರ ಹೊಲದ್ದು. ಆಮೇಲೆ ಸಾಹುಕಾರ ಬಂದು ಕರೆದ್ರೂ ಕುರಿ ತಿರುಗಲ್ಲ.

ಹೆಂಗಸ್ರೆಲ್ಲ ಬಂದಿದ್ರು. ಕಾಳಕ್ಕ ಆಗ್ಲೇ ಮಡ್ಲಾಗೆ ರಾಗಿ ಕಟ್ಕಂಡಿದ್ಲು. ಹಾಕೋಕೆ ಮುಂಚೆ ನನ್ ಕಡೆ ತಿರುಗಿದ್ಲು.

"ಹಾಕ್ಲೇನಪ್ಪ ಜುಂಜ? ನಿನ್ ಸೌತೆ ಇನ್ನೆಷ್ಟ್ ದಿನ?"

ಎಲ್ಲರೂ ನನ್ನೇ ನೋಡಿದ್ರು. ಆವಾಗ ಹೇಳ್ಬೋದಿತ್ತು. ಡೆಲ್ಲಿ ಟೀಮ್ ಬರ್ತಿಲ್ಲ, ಕಂಪ್ನಿ ತಗಂತೈತೋ ಇಲ್ವೋ ನಂಗೂ ಗೊತ್ತಿಲ್ಲ, ನಿಮಗೆ ಬಿಟ್ಟಿದ್ದು ಅಂತ. ಇಷ್ಟೇ ಮಾತು.

"ಇನ್ನ ಮೂರ್ ವಾರ ಕೀಳ್ಬೋದಕ್ಕ. ಬಳ್ಳಿ ತೆಗೀಬ್ಯಾಡ್ರಿ" ಅಂದೆ.

ಮಾವ ಬೀಡಿ ಕೆಳಗಿಟ್ಟ. "ಅಳಿಯ, ನಾನ್ ಕೇಳಿದ್ದು ಹೊಲದೋರ್ನ."

"ಅವನಿಗೇ ಗೊತ್ತಿರೋದು ಬಿಡು ಚಿತ್ತಯ್ಯ. ದಿನಾ ಆ ಫೋನ್ ತಿಕ್ತಿರ್ತಾನೆ" ಅಂದ್ಲು ಕಾಳಕ್ಕ. ಮಡ್ಲು ಬಿಗಿ ಮಾಡ್ಕಂಡು ಹೊಂಟೇ ಹೋದ್ಲು. ಅವಳ ಹಿಂದೆ ಎಲ್ಲರೂ.

ನಂಬಿ ಹೋದ್ರು. ಬೈದಿದ್ರೆ ಚೆನ್ನಾಗಿತ್ತು.

ಆಗಸ್ಟ್ 19

ಮಂದೆ ಹೋಯ್ತು. ಹೊಸದುರ್ಗದ ಕಡೆ, ಮತ್ತೋಡಿನ ಗುಡ್ಡಪ್ಪ ಅನ್ನೋರ ಹೊಲಕ್ಕೆ. ನಾಗಶ್ರೀ ಅವರಪ್ಪಂಗೆ ಬುತ್ತಿ ಕಟ್ಟಿ ಕೊಟ್ಟು ರೋಡಿನ ತನಕ ಬಂದ್ಲು. ಧೂಳು ಅಡಗೋ ತನಕ ಅಲ್ಲೇ ನಿಂತಿದ್ಲು. ವಾಪಸ್ ಬರೋವಾಗ ಏನಾದ್ರೂ ಅಂತಾಳೆ ಅಂತ ಕಾದೆ.

ಬುಟ್ಟಿ ತಗಂಡು ನೆಟ್ಟಗೆ ಸೌತೆ ಹೊಲಕ್ಕೆ ಇಳಿದ್ಲು.

ಆಗಸ್ಟ್ 23, ಅಮಾವಾಸ್ಯೆ

ಮೂರು ದಿನ ಏನೂ ಬರೀಲಿಲ್ಲ. ಬರೆಯೋಕೇನೈತೆ. ಕಿತ್ತರು, ತೂಗಿದೆ, ಟೆಂಪೋಗೆ ಹತ್ತಿಸ್ದೆ.

ಇವತ್ತು ಟೆಂಪೋ ಹರೀಶ ಟೀ ಕುಡಿಯೋವಾಗ ಅಂದ, "ಲೇ, ಫ್ಯಾಕ್ಟ್ರಿ ಅಂಗಳದಾಗೆ ಡ್ರಮ್ಮು ಹಂಗೇ ನಿಂತವೆ. ಬುಧವಾರದಿಂದ ಒಂದೂ ಕಂಟೈನರ್ ಹೋಗಿಲ್ಲ. ಉಪ್ಪು ಕಲ್ಸೋ ಹುಡುಗೀರನ್ನ ಮನೇಗೆ ಕಳ್ಸವ್ರೆ."

"ಸುಳ್ಳು."

"ನಂಗ್ಯಾಕ್ ಬೇಕು ಸುಳ್ಳು? ಇವತ್ತಿನ ನಿನ್ ಮಾಲು ಇಳ್ಸೋಕೆ ಜಾಗ ಇಲ್ಲ, ಗೇಟ್ ಹತ್ರ ಇಳ್ಸು ಅಂದ್ರು. ಬಿಸಿಲಾಗೆ."

ಹರೀಶಂಗೆ ಹೇಳ್ದೆ ಹಟ್ಟೀಲಿ ಇದನ್ನ ಅನ್ಬೇಡ ಅಂತ. ಹೇಳಿದ ಮೇಲೆ ನಂಗೇ ಗೊತ್ತಾಯ್ತು, ಸಾರ್ ನಂಗೆ ಹೆಂಗ್ ಹೇಳಿದ್ರೋ ಹಂಗೇ ಹೇಳಿದ್ದು. ಅದೇ ತರ ಭುಜದ ಮೇಲೆ ಕೈ ಇಟ್ಟು.

ಸಾರ್ ಫೋನ್ ರಿಂಗ್ ಆಗ್ತೈತೆ. ಎತ್ತಲ್ಲ.

ಆಗಸ್ಟ್ 25, ಸೋಮವಾರ. ಸಂಜೆ

ಮತ್ತೋಡಿಗೆ ಹೋಗಿದ್ದೆ. ಯಾರಿಗೂ ಹೇಳದೆ. ಕುರಿ ವಾಪಸ್ ಕರ್ಕಂಡು ಬಂದ್ಬಿಟ್ರೆ ಆಯ್ತಲ್ಲ, ಬಾಯಿ ಬಿಡೋ ಕೆಲಸವೇ ಇರಲ್ಲ ಅಂತ. ಮಾವ ಅಕಸ್ಮಾತ್ ಬಂದಂಗೆ ಬರ್ಲಿ, ನಾನು ಬಳ್ಳಿ ತೆಗೀರಿ ಅಂತೀನಿ, ಮುಗೀತು. ದಾರಿಯೆಲ್ಲ ಇದನ್ನೇ ಜೋಡಿಸ್ಕಂಡು ಹೋದೆ.

ಗುಡ್ಡಪ್ಪ ಒಳ್ಳೇ ಮನುಷ್ಯ. "ಬರ್ರಿ, ಕುಂತ್ಕಳ್ರಿ, ಮಜ್ಜಿಗೆ ಕುಡೀರಿ" ಅಂದ. ಮಾವ ಮರಿ ಕಾಲಿನ ಮುಳ್ಳು ತೆಗೀತಿದ್ದ.

"ಮಾವ, ಕುರಿ ತಿರುಗ್ಸು. ಹಟ್ಟಿಗೆ ಹೋಗಾಣ."

"ಯಾಕೆ? ಸೌತೆ ಮುಗೀತಾ?"

"ಹಂಗಲ್ಲ…"

"ಮತ್ತೆ ಹೆಂಗೆ?"

ನಿಜ ಹೇಳೋದ್ ಹೆಂಗೆ? ಗುಡ್ಡಪ್ಪ ಬೇರೆ ಕುಂತಿದ್ದ ಅಲ್ಲೇ, ಲೋಟ ಹಿಡ್ಕಂಡು.

"ನಾಗಶ್ರೀ ಹೊಲಾನೂ ಐತಲ್ಲ ಮಾವ" ಅಂದೆ.

"ಅದಕ್ಕೇ ಕೇಳ್ತಿರೋದು ಯಾಕೆ ಅಂತ. ನನ್ ಮಗಳ ಹೊಲ ನಿನ್ ಬಾಯಾಗೆ ಯಾಕ್ ಬಂತು?" ಮುಳ್ಳು ಕಿತ್ತು ಮರಿ ಬಿಟ್ಟ. ಅದು ಕುಂಟ್ಕಂಡು ಅವರವ್ವನ ಹತ್ರ ಓಡ್ತು. "ನೋಡಳಿಯ. ಕುರಿ ನಂದು, ರಾತ್ರಿ ಗುಡ್ಡಪ್ಪಂದು. ಬುಧವಾರಕ್ಕೆ ಮುಗೀತೈತೆ. ಗುರುವಾರ ಬೆಳಕು ಹರಿಯೋದೇ ತಡ ಕಂಬಳಿ ಹಾಸ್ತೀನಿ, ಆ ಕಡೆ ಊರೋರು ಆಗ್ಲೇ ಕಾದವ್ರೆ. ಹಟ್ಟಿಗೆ ಬೇಕು ಅಂದ್ರೆ ಅಷ್ಟ್ರೊಳಗೆ ಹೊಲದೋರು ಬಂದು ರಾಗಿ ಹಾಕ್ಲಿ. ಕಾಳಕ್ಕ ಬರ್ಲಿ. ನನ್ ಮಗಳು ಬರ್ಲಿ. ನೀನಲ್ಲ. ಹೋದ್ಸಲ ಅವರ ಮಾತು ನೀನಾಡಿದ್ದಕ್ಕೇ ನಾನು ಇಲ್ಲಿರೋದು."

"ಆಮೇಲೆ ಬಂದ್ರೆ?"

"ದೀಪಾವಳಿಗೆ ಬರ್ತೀನಿ. ಆವಾಗ ಹುರುಳಿ ಬಿತ್ತೋರುಂಟಾ?"

ಮಜ್ಜಿಗೆ ಕುಡೀದೆ ಎದ್ದೆ. ಗುಡ್ಡಪ್ಪ ಹಿಂದಿಂದ ಮಾವಂಗೆ ಕೂಗಿ ಅಂದ, "ಯಜಮಾನ್ರೇ, ಹುಡುಗನ ಮುಖ ಸರಿ ಇಲ್ಲ, ಬೈಕ್ ಮೆಲ್ಲಗೆ ಹೊಡಿ ಅನ್ರಿ."

ಆಗಸ್ಟ್ 26, ಮಂಗಳವಾರ. ಮಧ್ಯಾಹ್ನ

ವಾಟ್ಸಪ್ ಬಂತು. 'ನಾಳೆಯಿಂದ ಕಲೆಕ್ಷನ್ ನಿಲ್ಲಿಸಲಾಗಿದೆ. ಮುಂದಿನ ಸೂಚನೆಯವರೆಗೆ. ರೈತರಿಗೆ ಸೂಕ್ತ ರೀತಿಯಲ್ಲಿ ತಿಳಿಸಿ.'

ಸೂಕ್ತ ರೀತಿ ಅಂದ್ರೆ ಯಾವ ರೀತಿ?

ಸಾರ್ ಈ ಸಲ ಎತ್ತಿದ್ರು. ನಾನು ಜೋರು ಮಾಡಿದೆ. ಜೀವನದಾಗೆ ಮೊದಲ್ನೇ ಸಲ ಆ ಮನುಷ್ಯನ ಮೇಲೆ. ಅವ್ರು ಜೋರು ಮಾಡ್ಲಿಲ್ಲ. ಅದೇ ಹೆದರಿಕೆ ಆಗಿದ್ದು.

"ನಂಗೂ ಗೊತ್ತಿರಲಿಲ್ಲ ಕಣೋ. ನನ್ನನ್ನೂ ಮನೇಲಿ ಕೂರಿಸಿದಾರೆ. ಅಲ್ಲಿ ತಗೊಳ್ಳೋನು ಬೇಡ ಅಂತ ಮೇಲ್ ಹಾಕಿದಾನೆ. ಬೇರೆ ದೇಶದಿಂದ ತರಿಸ್ಕೊತಾನಂತೆ. ಇಷ್ಟು ವರ್ಷದ ಪಾರ್ಟಿ… ಒಂದು ಮೇಲ್."

"ಹೆಂಗಸ್ರಿಗೆ ಏನ್ ಹೇಳ್ಲಿ ಸಾರ್?"

"ನಾಳೆ ಗಣೇಶನ ಹಬ್ಬ ಅಲ್ವಾ? ಹಬ್ಬ, ಗಾಡಿ ಬರಲ್ಲ ಅನ್ನು. ನಾಡಿದ್ದು ನೋಡೋಣ. ಅಷ್ಟರಲ್ಲಿ ಮೇಲಿನವರು ಒಂದು ಫೋನ್‌ನಲ್ಲಿ ಮಾತಾಡಿಕೊಂಡ್ರೆ ಎಲ್ಲಾ ಸರಿಹೋಗ್ಬಹುದು."

ಫೋನ್ ಕಟ್ ಆಯ್ತು. ಅವ್ರು ಮಾಡಿದ್ದೋ, ಸಿಗ್ನಲ್ಲೋ.

ಅದೇ ದಿನ, ಸಂಜೆ

ಹಬ್ಬ, ಗಾಡಿ ಬರಲ್ಲ. ಎಷ್ಟು ಸಲೀಸು ನೋಡು. ಯಾರೂ ಕೇಳಲ್ಲ. ಕಾಳಕ್ಕ "ಹೋಗ್ಲಿ ಬಿಡು, ಒಂದಿನ ಸೊಂಟ ನೆಟ್ಟಗಾಗ್ತೈತೆ" ಅಂತಾಳೆ. ಗುರುವಾರ ಇನ್ನೊಂದು ಹೇಳ್ಬೋದು. ಗಾಡಿ ಕೆಟ್ಟೈತೆ. ಶುಕ್ರವಾರ ಇನ್ನೊಂದು. ಅಷ್ಟೊತ್ತಿಗೆ ಕಾಯಿ ತೋಳ್ ಗಾತ್ರ ಆಗಿರ್ತಾವೆ, ಮಾವ ಹೊಸದುರ್ಗ ದಾಟಿರ್ತಾನೆ.

ಎರಡು ದೇಶದೋರು ಮಾಡ್ತಿರೋದೂ ಇದೇನಾ? ಇವ್ರು ಇವತ್ತು ಹೇಳಲ್ಲ, ಅವ್ರು ನಾಳೆ ಬರಲ್ಲ. ಮಧ್ಯದಾಗೆ ನಿಂತೋನು ಮೂರ್ ವಾರ, ಮೂರ್ ವಾರ ಅಂತಿರ್ತಾನೆ. ಅವರಿಗಾದ್ರೆ ಎದುರುಗಡೆ ಯಾವ ಕಾಳಕ್ಕನೂ ನಿಂತಿರಲ್ಲ.

ಹೊರಗಡೆ ಹುಡುಗ್ರು ಪೆಂಡಾಲ್‌ಗೆ ಬಾಳೆಕಂದು ಕಟ್ತಿದಾರೆ. ನಾಗಶ್ರೀ ಬಾಗಿಲ ತಾವ ಬಂದು ಒಂದು ಕ್ಯಾನ್ ನೀರು ಇಟ್ಟು ಹೋದ್ಲು. "ಕುಡಿ. ಒಣಗೋದ ಬಳ್ಳಿ ತರ ಇದೀಯ. ನಿನ್ನೆ ಎಲ್ಲಿಗೋಗಿದ್ದೆ ಭಾವ?"

"ಕಂಪ್ನಿ ಕೆಲಸ."

"ನಮ್ಮಪ್ಪ ಫೋನ್ ಮಾಡಿತ್ತು."

ಅಷ್ಟೇ ಅಂದಿದ್ದು. ಹೋದ್ಲು. ಅಂದ್ರೆ ನಾನು ಅಲ್ಲಿಗೆ ಹೋಗಿದ್ದು ಅವಳಿಗೆ ಗೊತ್ತು. ಯಾಕೆ ಹೋಗಿದ್ದೆ ಅನ್ನೋದನ್ನ ನನ್ ಬಾಯಿಂದ ಕೇಳ್ಬೇಕು ಅಂತ ಬಂದಿದ್ದು. ಸುಳ್ಳು ಕೇಳಿಸ್ಕಂಡು ಹೋದ್ಲು.

ಆಗಸ್ಟ್ 27, ಬುಧವಾರ. ಬೆಳಿಗ್ಗೆ

ಹಬ್ಬ ಅಂತ ಬರಲ್ಲ ಅಂದ್ಕಂಡಿದ್ದೆ. ಬಂದವ್ರೆ. ತಲೆಗೆ ನೀರು ಹಾಕ್ಕಂಡು ಒದ್ದೆ ಕೂದಲು ಗಂಟು ಕಟ್ಕಂಡು ಬಂದವ್ರೆ. ಕಾಯಿ ಬಲೀತಾವಲ್ಲ, ಬೇಗ ಕಿತ್ತು ಮನೇಗೋಗಿ ಅಡಿಗೆ ಮಾಡ್ಬೇಕು. ಕ್ರೇಟಿಗೆ ಕಾಯ್ತಿದಾರೆ. ಕ್ರೇಟು ಇಲ್ಲಿ ನನ್ ಬೆನ್ನ ಹಿಂದೆ ಅವೆ.

ಹರೀಶಂಗೆ ಫೋನ್ ಮಾಡಿ ಎಬ್ಬಿಸ್ದೆ. ಗಾಡಿ ತಗಂಡು ಬಾ ಅಂದೆ. "ಕಲೆಕ್ಷನ್ ನಿಂತೈತಲ್ಲೋ, ಯಾವ ಮಾಲು?" ಅಂದ.

"ಮಾಲಲ್ಲ. ಹೆಂಗಸ್ರು. ಮತ್ತೋಡಿಗೆ. ಅವ್ರು ಹತ್ತಿದ್ರೆ."

"ಹತ್ತದಿದ್ರೆ?"

"ಹತ್ತದಿದ್ರೆ ನನ್ನ ಹಾಕ್ಕಂಡು ಆಸ್ಪತ್ರೆಗೋಗು."

ನಗು ಬರ್ಲಿಲ್ಲ ಇಬ್ಬರಿಗೂ. ಬರ್ತೀನಿ ಅಂದ.

"ಲೇ ಜುಂಜ! ಬಾಗಿಲು ತೆಗೆಯೋ! ಗಣೇಶ ಬಂದು ಕ್ರೇಟ್ ಕೊಡ್ಬೇಕಾ ನಮಗೆ?" ಕಾಳಕ್ಕ.

"ಕಂಪ್ನಿ ಭಾವ ಇನ್ನೂ ಅಂಗಿಗೆ ಇಸ್ತ್ರಿ ತಿಕ್ತಾ ಐತೆ" ಇನ್ನೊಬ್ಬಳು. ನಾಗಶ್ರೀ ಅಲ್ಲ. ನಾಗಶ್ರೀ ಧ್ವನಿ ಕೇಳ್ತಿಲ್ಲ.

ಅಂಗಿ ಹಾಕಿಲ್ಲ. ಬನೀನಲ್ಲೇ ಇದೀನಿ.

ಏನು ಹೇಳ್ಬೇಕು ಅಂತ ಹತ್ತು ಸಲ ಜೋಡಿಸ್ದೆ. ಅಮೇರಿಕದಿಂದ ಶುರು ಮಾಡಿದ್ರೆ ಉದ್ದ ಆಗ್ತೈತೆ, ಅಷ್ಟೊತ್ತು ಅವ್ರು ನಿಲ್ಲಲ್ಲ. ಕಂಪ್ನಿಯಿಂದ ಶುರು ಮಾಡಿದ್ರೆ ಕಂಪ್ನಿ ಮೇಲೆ ಹಾಕ್ದಂಗೆ. ಹದಿನೆಂಟನೇ ತಾರೀಖು ಬದದ ಮೇಲೆ ನಾನಂದ ಮಾತಿಂದಾನೇ ಶುರು ಮಾಡ್ಬೇಕು. ಆವಾಗ್ಲೇ ಗೊತ್ತಿತ್ತು ಅನ್ನಬೇಕು. ಅದಾದ್ಮೇಲೆ ಕಾಳಕ್ಕ ಏನ್ ಮಾಡ್ತಾಳೋ. ಚಪ್ಪಲಿ ತಗಂಡ್ರೂ ತಗಳ್ಲಿ. ಹೊಡೆದಾದ್ಮೇಲೆ ಮಡ್ಲಾಗೆ ರಾಗಿ ಕಟ್ಕಂಡು ಟೆಂಪೋ ಹತ್ಲಿ. ಹೊತ್ತು ನೆತ್ತಿಗೆ ಬರೋದ್ರೊಳಗೆ ಮತ್ತೋಡು ಸೇರ್ತೀವಿ, ಈಗ ಹೊರಟ್ರೆ.

ಮತ್ತೆ ಬಾಗಿಲು ಬಡಿದ್ರು. ಬಂದೆ ಅಂದೆ. "ಕ್ರೇಟ್ ಹಿಡ್ಕಂಡು ಬಾ" ಅಂದ್ಲು.

ಇಲ್ಲ. ಕ್ರೇಟು ಒಳಗೇ ಇರ್ಲಿ. ಬರೀ ಕೈಯಾಗೆ ಹೋಗ್ತೀನಿ, ಬಾಗಿಲು ಎಳ್ಕಂಡು ಬೀಗ ಹಾಕ್ತೀನಿ, ಆಮೇಲೆ ಕಾಳಕ್ಕನ ಎದುರಿಗೆ ನಿಂತು ಮೊದಲ್ನೇ ಮಾತು ಇದನ್ನೇ ಅಂತೀನಿ: ಅಕ್ಕ, ಅವತ್ತೇ ನಂಗೆ ಗೊತ್ತಿತ್ತು.